ಎರೆಗೊಬ್ಬರ ಮೊದಲು ಒಟ್ಟಲಿಗೆ, ಆಮೇಲೆ ಹೊಲಕ್ಕೆ

45 ಕಿಲೋ ತೂಗುವ ಒಂದು ಮೂಟೆ ಯೂರಿಯಾದಲ್ಲಿ ಶೇ 46ರ ಲೆಕ್ಕಕ್ಕೆ 20 ಕಿಲೋಗಿಂತ ತುಸು ಹೆಚ್ಚು ಸಾರಜನಕ ಇರುತ್ತದೆ. ಎರೆಹುಳು ಗೊಬ್ಬರಕ್ಕೆ ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶ ಗೊತ್ತುಮಾಡಿರುವ ಕನಿಷ್ಠ ಸಾರಜನಕ ಶೇ 1. ಅಂದರೆ 50 ಕಿಲೋ ಮೂಟೆಯಲ್ಲಿ ಅರ್ಧ ಕಿಲೋ. ಒಂದು ಮೂಟೆ ಯೂರಿಯಾ ಕೊಡುವಷ್ಟು ಸಾರಜನಕವನ್ನು ಎರೆಗೊಬ್ಬರದಿಂದಲೇ ಪಡೆಯಬೇಕಾದರೆ ಎರಡು ಟನ್ ಸುರಿಯಬೇಕು. ಎರೆಗೊಬ್ಬರದ ಮಾತೆತ್ತಿದಾಗ ಮಾಗಡಿಯ ರಾಗಿ ಬೆಳೆಗಾರರೋ ಕನಕಪುರದ ತರಕಾರಿ ಬೆಳೆಗಾರರೋ ಮುಖ ತಿರುಗಿಸಿದರೆ ಅದರಲ್ಲಿ ತಪ್ಪಿಲ್ಲ. ಲೆಕ್ಕ ಅವರ ಪರವಾಗಿಯೇ ಇದೆ. ಆದರೆ ಈ ಲೆಕ್ಕ ಎರೆಗೊಬ್ಬರವನ್ನು ಅದಕ್ಕೆ ಹೊಂದದ ಕೆಲಸದಲ್ಲಿ ಅಳೆಯುತ್ತದೆ. ಇಡೀ ಹೊಲಕ್ಕೆ ಹೊಟ್ಟೆ ತುಂಬಿಸುವ ಗೊಬ್ಬರ ಅದಲ್ಲ. ಬೀಜ ಮೊಳೆತು, ಬೇರು ಬಿಟ್ಟು, ನಾಲ್ಕೈದು ಎಲೆ ಆಗುವವರೆಗಿನ ಮೂರು ನಾಲ್ಕು ವಾರಗಳಲ್ಲಿ, ಬೀಜದ ಸುತ್ತಲಿನ ಒಂದು ಹಿಡಿ ಮಣ್ಣಿನಲ್ಲಿ ಅದು ಮಾಡುವ ಕೆಲಸವನ್ನು ಯೂರಿಯಾ ಮಾಡಲಾರದು. ಆ ಒಂದು ಹಿಡಿ ಮಣ್ಣಿಗೆ ಬೇಕಾಗುವುದು ಟನ್ನುಗಳಲ್ಲ, ಕಿಲೋಗಳು. ನಮ್ಮ ಸೀಮೆಯ ರೈತ ಎರೆಗೊಬ್ಬರವನ್ನು ಮೊದಲು ಒಟ್ಟಲಿಗೆ ಕೊಡಬೇಕು, ಮಿಕ್ಕಿದ್ದನ್ನು ಮಾತ್ರ ಹೊಲಕ್ಕೆ ಕೊಡಬೇಕು ಎಂಬುದು ಈ ಲೇಖನದ ವಾದ.

ಬೀಜ ಮೊಳೆಯಲು ಗೊಬ್ಬರ ಬೇಕಾಗಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ನೀರು, ಗಾಳಿ, ಹದವಾದ ಬಿಸಿ ಸಿಕ್ಕರೆ ಒಳ್ಳೆಯ ಬೀಜ ಒದ್ದೆ ಬಟ್ಟೆಯಲ್ಲೂ ಮೊಳೆಯುತ್ತದೆ. ರಾಗಿ ಹಿಟ್ಟಿಗೆ ಮೊಳಕೆ ಕಟ್ಟುವ ಯಾವ ಮನೆಯಲ್ಲೂ ಇದನ್ನು ಹೇಳಿಕೊಡಬೇಕಾಗಿಲ್ಲ. ಸತ್ತ ಬೀಜವನ್ನು ಎರೆಗೊಬ್ಬರ ಬದುಕಿಸುವುದಿಲ್ಲ, ಹಳೆಯ ಬೀಜವನ್ನು ಹೊಸದು ಮಾಡುವುದಿಲ್ಲ. ವ್ಯತ್ಯಾಸ ಕಾಣಿಸುವುದು ಮೊಳೆತ ಮೇಲೆ, ಮೊಳಕೆ ಮಣ್ಣು ಸೀಳಿ ಮೇಲೆ ಬರುವ ಹೊತ್ತಿನಲ್ಲಿ. ಸಾವಿರ ರಾಗಿ ಕಾಳು ಸೇರಿದರೆ ತೂಕ ಸುಮಾರು ಮೂರು ಗ್ರಾಂ. ಅಷ್ಟು ಸಣ್ಣ ಕಾಳಿನೊಳಗೆ ಇರುವ ಆಹಾರ ಕೆಲವೇ ದಿನಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಬೇರು ತನ್ನ ದಾರಿ ಹುಡುಕಿಕೊಳ್ಳಬೇಕು. ಈ ಭಾಗದ ಕೆಂಪು ಮರಳು ಮಿಶ್ರಿತ ಮಣ್ಣಿನ ಸ್ವಭಾವ ಗೊತ್ತಿರುವುದೇ: ಬಿತ್ತಿದ ಮೇಲೆ ಒಂದು ಜೋರು ಮಳೆ ಬಿದ್ದು ಎರಡು ದಿನ ಬಿಸಿಲು ಬಂದರೆ ಮೇಲ್ಮಣ್ಣು ಹಪ್ಪಳದ ಹಾಗೆ ಗಟ್ಟಿಕೊಳ್ಳುತ್ತದೆ. ಮೊಳೆತ ರಾಗಿ ಅದನ್ನು ಎತ್ತಲಾರದೆ ಒಳಗೇ ಸುರುಳಿ ಸುತ್ತಿ ಸಾಯುತ್ತದೆ. ಬೀಜ ಕೆಟ್ಟದ್ದು ಎಂದು ಅಂಗಡಿಯವರನ್ನು ಬೈಯುವ ಎಷ್ಟೋ ಸಲ ಕೆಟ್ಟಿರುವುದು ಮೇಲ್ಮಣ್ಣಿನ ಹದ. ಎರೆಹುಳುವಿನ ಹಿಕ್ಕೆ ಸಣ್ಣ ಸಣ್ಣ ಉಂಡೆಗಳಾಗಿ ಬೀಳುತ್ತದೆ, ನೀರು ಬಿದ್ದರೂ ಬೇಗ ಕರಗಿ ಕಲಸಿಹೋಗುವುದಿಲ್ಲ. ಬೀಜದ ಸಾಲಿನಲ್ಲಿ ಅದು ಬೆರೆತಿದ್ದರೆ ಆ ಸಾಲಿನ ಮಣ್ಣು ಬಿರುಸಾಗುವುದು ಕಡಿಮೆ, ತೇವ ಆರುವುದು ನಿಧಾನ. ಅಕ್ಕಡಿ ಸಾಲಿನ ಅವರೆ, ತೊಗರಿಗೆ ಈ ಉಪಕಾರ ಅಷ್ಟಾಗಿ ಬೇಕಿಲ್ಲ; ದಪ್ಪ ಬೀಜದೊಳಗೆ ಸಾಕಷ್ಟು ಆಹಾರ ಇರುತ್ತದೆ, ಮಣ್ಣು ಎತ್ತುವ ಶಕ್ತಿಯೂ ಹೆಚ್ಚು. ರಾಗಿ, ಟೊಮೆಟೊ, ಬದನೆ, ಮೆಣಸಿನಕಾಯಿ, ಸೊಪ್ಪಿನಂಥ ಸಣ್ಣ ಬೀಜಗಳಿಗೇ ಎರೆಗೊಬ್ಬರದ ಅಗತ್ಯ ಹೆಚ್ಚು.

ಇದು ಬರೀ ಮಣ್ಣಿನ ಸಡಿಲದ ಮಾತಾಗಿದ್ದರೆ ಮರಳು ಬೆರೆಸಿದರೂ ಸಾಕಿತ್ತು. ಎರೆಗೊಬ್ಬರದಲ್ಲಿ ಅದಕ್ಕಿಂತ ಹೆಚ್ಚಿನದು ಇದೆ ಎಂದು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮೊದಲ ಸಾಲಿನಲ್ಲಿದ್ದಾರೆ. ಆರ್.ವಿ. ಕೃಷ್ಣಮೂರ್ತಿ ಮತ್ತು ಎಸ್.ಎನ್. ವಜ್ರನಾಭಯ್ಯ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರೆಹುಳುವಿನ ಹಿಕ್ಕೆಯಲ್ಲಿ ಸೈಟೊಕೈನಿನ್, ಆಕ್ಸಿನ್‌ನಂಥ ಬೆಳವಣಿಗೆ ಪ್ರಚೋದಕಗಳು ಇರುವುದನ್ನು ಗುರುತಿಸಿದರು. ಗಿಡ ಬೇರು ಬಿಡಲು, ಕುಡಿ ಒಡೆಯಲು ತಾನೇ ತಯಾರಿಸಿಕೊಳ್ಳುವ ವಸ್ತುಗಳ ಜಾತಿಗೆ ಸೇರಿದವು ಇವು. ಅದೇ ವಿಶ್ವವಿದ್ಯಾಲಯದ ರಾಧಾ ಡಿ. ಕಾಳೆ ಮತ್ತು ಸಂಗಡಿಗರು ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೆ ಹುಳುವನ್ನು ಸಾಕಿ ಗೊಬ್ಬರ ಮಾಡುವ ಕ್ರಮವನ್ನು ಎಂಬತ್ತರ ದಶಕದಲ್ಲೇ ರೂಪಿಸಿದರು. ಭತ್ತದ ಗದ್ದೆಗೆ ಎರೆಗೊಬ್ಬರ ಕೊಟ್ಟಾಗ ಉಪಕಾರಿ ಸೂಕ್ಷ್ಮಾಣುಗಳು ಹೆಚ್ಚಾದದ್ದನ್ನು 1992ರಲ್ಲಿ ವರದಿ ಮಾಡಿದರು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಎಡ್ವರ್ಡ್ಸ್ ಅವರ ತಂಡ 2000ದ ಆಸುಪಾಸಿನಲ್ಲಿ ಟೊಮೆಟೊ, ಚೆಂಡು ಹೂವಿನ ಸಸಿಗಳ ಮೇಲೆ ನಡೆಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಗಿಡಕ್ಕೆ ಬೇಕಾದ ಪೋಷಕಾಂಶಗಳನ್ನೆಲ್ಲ ಬೇರೆಯಾಗಿ ಕೊಟ್ಟ ಕುಂಡಗಳಲ್ಲೂ ಎರೆಗೊಬ್ಬರ ಬೆರೆಸಿದ ಕಡೆ ಸಸಿ ಚೆನ್ನಾಗಿ ಬೆಳೆಯಿತು. ಪೋಷಕಾಂಶದ ಕೊರತೆಯೇ ಇಲ್ಲದ ಕಡೆಯೂ ಬೆಳವಣಿಗೆ ಹೆಚ್ಚಿದರೆ, ಆ ಹೆಚ್ಚಳಕ್ಕೆ ಕಾರಣ ಪೋಷಕಾಂಶ ಅಲ್ಲ. ಶೇ 1ರ ಸಾರಜನಕ ಹಿಡಿದುಕೊಂಡು ಎರೆಗೊಬ್ಬರವನ್ನು ತೂಗುವ ವಾದ ಇಲ್ಲಿ ಸೋಲುತ್ತದೆ.

ಅದೇ ಪ್ರಯೋಗಗಳು ಇನ್ನೊಂದು ಮಾತನ್ನೂ ಹೇಳಿವೆ, ಎರೆಗೊಬ್ಬರದ ಅಭಿಮಾನಿಗಳು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿಲ್ಲ. ಸಸಿಯ ಬೆಳವಣಿಗೆ ಚೆನ್ನಾಗಿ ಕಂಡದ್ದು ಮಿಶ್ರಣದ ಒಟ್ಟು ಗಾತ್ರದಲ್ಲಿ ಎರೆಗೊಬ್ಬರ ಶೇ 10ರಿಂದ 40ರವರೆಗೆ ಇದ್ದಾಗ. ಅದಕ್ಕಿಂತ ಹೆಚ್ಚಿಸಿದರೆ ಲಾಭ ಏರಲಿಲ್ಲ, ಬರೀ ಎರೆಗೊಬ್ಬರದಲ್ಲೇ ಬಿತ್ತಿದಾಗ ಮೊಳಕೆಯೇ ಹಿಂಜರಿದದ್ದೂ ಉಂಟು. ಗೊಬ್ಬರದಿಂದ ಬೇರ್ಪಡಿಸಿದ ಹ್ಯೂಮಿಕ್ ಆಮ್ಲವನ್ನೇ ಕೊಟ್ಟು ನೋಡಿದಾಗಲೂ ಹೀಗೇ ಆಯಿತು: ಕಿಲೋ ಮಿಶ್ರಣಕ್ಕೆ 50ರಿಂದ 500 ಮಿಲಿಗ್ರಾಂವರೆಗೆ ಟೊಮೆಟೊ, ಸೌತೆ ಸಸಿಗಳು ಹಿಗ್ಗಿದವು, ಪ್ರಮಾಣ ಅದನ್ನು ದಾಟುತ್ತಾ ಹೋದಂತೆ ಕುಗ್ಗಿದವು. ಲವಣಾಂಶ ಹೆಚ್ಚಾದರೆ ಎಳೆ ಬೇರು ಸುಡುತ್ತದೆ, ಪ್ರಚೋದಕ ಅತಿಯಾದರೆ ಅದೇ ತಡೆಯಾಗುತ್ತದೆ. ಒಳ್ಳೆಯದೆಂದು ಮೂಟೆಗಟ್ಟಲೆ ಸುರಿದ ಒಟ್ಟಲು ಹಳದಿಯಾಗಿ ನಿಂತರೆ ಗೊಬ್ಬರವನ್ನು ದೂರಬೇಕಾಗಿಲ್ಲ, ಅಳತೆಯನ್ನು ತಿದ್ದಬೇಕು. ಐದರಲ್ಲಿ ಒಂದು ಪಾಲು ಎಂಬ ಅಳತೆ ಸುರಕ್ಷಿತ, ನೆನಪಿಡಲೂ ಸುಲಭ.

ಈ ಅಳತೆಯನ್ನು ನಮ್ಮ ಕೆಲಸಗಳಿಗೆ ಇಳಿಸಿ ನೋಡೋಣ. ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಒಟ್ಟಲು ಮಡಿಯಲ್ಲಿ ಬೀಜಕ್ಕೆ ತಾಗುವ ಮೇಲಿನ ಒಂದು ಅಂಗುಲ ಮಣ್ಣು ಎಂದರೆ ಸುಮಾರು 250 ಲೀಟರ್. ಅದರಲ್ಲಿ ಐದನೇ ಒಂದು ಪಾಲಿಗೆ 50 ಲೀಟರ್, ಅಂದರೆ 40 ಕಿಲೋ ಎರೆಗೊಬ್ಬರ ಸಾಕು. ಜರಡಿ ಹಿಡಿದು, ಮೇಲ್ಮಣ್ಣಿಗಷ್ಟೇ ಕೈಯಾಡಿಸಿ ಬೆರೆಸಿ, ಸಾಲು ಎಳೆದು ಬೀಜ ಬಿಡಬೇಕು. ಆಳಕ್ಕೆ ಅಗೆದು ಬೆರೆಸಿದರೆ ಅಷ್ಟೇ ಗೊಬ್ಬರ ಆರು ಅಂಗುಲಕ್ಕೆ ಹರಡಿ ಯಾವ ಪ್ರಯೋಜನಕ್ಕೂ ಬಾರದೆ ಹೋಗುತ್ತದೆ. ಟೊಮೆಟೊ, ಮೆಣಸಿನ ಸಸಿಯನ್ನು ಪ್ರೊಟ್ರೇಯಲ್ಲಿ ಬೆಳೆಸುವವರು ನಾಲ್ಕು ಪಾಲು ಕೊಕೊಪಿಟ್‌ಗೆ ಒಂದು ಪಾಲು ಎರೆಗೊಬ್ಬರ ಬೆರೆಸಬಹುದು. ಕೊಕೊಪಿಟ್‌ನಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ, ಎರೆಗೊಬ್ಬರ ಅದರಷ್ಟು ಹಗುರವಲ್ಲ, ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಖುಷ್ಕಿ ರಾಗಿಯನ್ನು ಸಾಲಿನಲ್ಲಿ ಬಿತ್ತುವವರಿಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಬೇಕಾಗುತ್ತದೆ. ಆ ಬೀಜವನ್ನು ಅದರ ಹತ್ತರಷ್ಟು, ಅಂದರೆ ಒಂದು ಮೂಟೆ ಒಣಗಿ ಪುಡಿಯಾದ ಎರೆಗೊಬ್ಬರದೊಂದಿಗೆ ಬೆರೆಸಿ ಸಾಲಿಗೆ ಬಿಟ್ಟರೆ ಬೀಜ ಒತ್ತೊತ್ತಾಗಿ ಬೀಳುವುದೂ ತಪ್ಪುತ್ತದೆ, ಪ್ರತಿ ಕಾಳಿನ ಪಕ್ಕದಲ್ಲಿ ಒಂದಿಷ್ಟು ಹಿಕ್ಕೆಯೂ ಇರುತ್ತದೆ. ರಾಗಿ ಬೀಜಕ್ಕೆ ಕಳಿತ ಗೊಬ್ಬರದ ಪುಡಿ ಬೆರೆಸಿ ಬಿತ್ತುವುದು ಹಳೆಯ ಮೈಸೂರು ಸೀಮೆಗೆ ಹೊಸತೇನಲ್ಲ. ಯೂರಿಯಾವನ್ನು ಹೀಗೆ ಬೀಜಕ್ಕೆ ತಾಗಿಸಿದರೆ ಮೊಳಕೆ ಸುಟ್ಟುಹೋಗುತ್ತದೆ. ಈ ಜಾಗದಲ್ಲಿ ಅದು ಎರೆಗೊಬ್ಬರಕ್ಕೆ ಪರ್ಯಾಯವೇ ಅಲ್ಲ. ಮಾವಿನ ಸಸಿ ಮಾಡುವವರು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಬೆರೆಸಿ ಚೀಲ ತುಂಬಿಕೊಳ್ಳಬಹುದು. ಮಾವಿನ ವಾಟೆ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದರಿಂದ, ಹಣ್ಣು ತಿಂದ ಕೆಲವೇ ವಾರದೊಳಗೆ ಬಿತ್ತುವುದು ಯಾವ ಗೊಬ್ಬರಕ್ಕಿಂತಲೂ ಮುಖ್ಯ.

ತಿಪ್ಪೆ ಗೊಬ್ಬರ ಮನೆಯಲ್ಲೇ ಇರುವಾಗ ಇದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ನಿಜವಾಗಿಯೂ ಕಳಿತು, ಮಣ್ಣಿನ ವಾಸನೆ ಬರುವ ಕೊಟ್ಟಿಗೆ ಗೊಬ್ಬರ ಸಿಕ್ಕುವುದಾದರೆ ಒಟ್ಟಲಿಗೆ ಅದೂ ಆದೀತು. ಆದರೆ ಈಗಿನ ತಿಪ್ಪೆಗಳಲ್ಲಿ ಬಹುಪಾಲು ಅರೆಬೆಂದವು. ವರ್ಷಕ್ಕೊಮ್ಮೆ ಟ್ರ್ಯಾಕ್ಟರಿಗೆ ತುಂಬುವಾಗ ಅಡಿಯದು ಕಳಿತಿರುತ್ತದೆ, ಮೇಲಿನದು ಹಸಿ ಸಗಣಿಯಾಗಿಯೇ ಇರುತ್ತದೆ. ಹಸಿ ಗೊಬ್ಬರದಿಂದ ಹೊರಡುವ ಅಮೋನಿಯ ಎಳೆ ಬೇರಿಗೆ ವಿಷ, ಅದರೊಳಗಿನ ಕಳೆ ಬೀಜ ಒಟ್ಟಲಿನಲ್ಲಿ ಪೈರಿಗಿಂತ ಮೊದಲು ಏಳುತ್ತದೆ, ಗೊಣ್ಣೆ ಹುಳು ಬಂದರಂತೂ ಬೇರನ್ನೇ ಕತ್ತರಿಸುತ್ತದೆ. ಎರೆಹುಳು ಹಸಿ ಸಗಣಿಯನ್ನು ಮುಟ್ಟುವುದಿಲ್ಲ, ಬಿಸಿ ಆರಿದ ಮೇಲೆಯೇ ತಿನ್ನುತ್ತದೆ. ಅದರ ಹೊಟ್ಟೆಯಿಂದ ಹೊರಬಂದ ಗೊಬ್ಬರದ ಹದದಲ್ಲಿ ಏರುಪೇರು ಕಡಿಮೆ. ಒಟ್ಟಲಿಗೆ ಬೇಕಾದದ್ದು ಅಂಥ ಹದ. ಹೊಲಕ್ಕೆ ತಿಪ್ಪೆ ಗೊಬ್ಬರವೇ ಹೋಗಲಿ. ಖುಷ್ಕಿ ರಾಗಿಗೆ ಹೆಕ್ಟೇರಿಗೆ ಏಳೂವರೆ ಟನ್ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸಿನ ಜಾಗವನ್ನು ಎರೆಗೊಬ್ಬರದಿಂದ ತುಂಬಲು ಹೊರಟರೆ ಖರ್ಚು ಹುಟ್ಟುವುದಿಲ್ಲ.

ಎರೆಗೊಬ್ಬರ ಮಾಡಲು ಮಾಗಡಿ, ಕನಕಪುರ, ಚನ್ನಪಟ್ಟಣದಂಥ ನಮ್ಮ ರೇಷ್ಮೆ ಸೀಮೆಯಲ್ಲಿ ಇರುವಷ್ಟು ಒಳ್ಳೆಯ ಕಚ್ಚಾ ಸಾಮಗ್ರಿ ರೇಷ್ಮೆ ಇಲ್ಲದ ಸೀಮೆಗಳಿಗೆ ಸುಲಭವಾಗಿ ಸಿಗದು. ಒಂದು ಹೆಕ್ಟೇರ್ ಹಿಪ್ಪುನೇರಳೆ ತೋಟದಿಂದ ವರ್ಷಕ್ಕೆ ಸುಮಾರು 12ರಿಂದ 15 ಟನ್ ರೇಷ್ಮೆ ಕೃಷಿ ತ್ಯಾಜ್ಯ ಹೊರಬೀಳುತ್ತದೆ ಎಂಬುದು ರೇಷ್ಮೆ ಸಂಶೋಧಕರ ಅಂದಾಜು. ಎಕರೆಗೆ ಲೆಕ್ಕ ಹಾಕಿದರೆ ಐದಾರು ಟನ್: ಹುಳು ತಿಂದು ಬಿಟ್ಟ ಎಲೆ, ಕಡ್ಡಿ, ಹಾಸಿಗೆಯಡಿಯ ಹಿಕ್ಕೆ. ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಕಡ್ಡಿಯಲ್ಲಿ ಇಂಗಾಲ ಹೆಚ್ಚು, ಎರೆಹುಳುವಿಗೆ ಎರಡೂ ಬೇಕು. ಆದರೆ ಇದರಲ್ಲಿ ಎರಡು ಅಪಾಯಗಳಿವೆ, ರೇಷ್ಮೆ ಬೆಳೆಗಾರರು ಇವನ್ನು ಹಗುರವಾಗಿ ನೋಡಬಾರದು. ಮೊದಲನೆಯದು ರೋಗ. ಗಂಟು ರೋಗ, ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಬಂದ ಬೆಳೆಯ ಹಿಕ್ಕೆಯಲ್ಲಿ ರೋಗಾಣು ಉಳಿದಿರುತ್ತದೆ, ಊಜಿ ನೊಣದ ಕೋಶವೂ ಕಸದಲ್ಲಿ ಅಡಗಿರಬಹುದು. ಎರೆಗೊಬ್ಬರದ ತೊಟ್ಟಿ ಎಂದೂ ಬಿಸಿಯೇರುವುದಿಲ್ಲ, ಏರಿದರೆ ಹುಳುವೇ ಸಾಯುತ್ತದೆ. ಆದ್ದರಿಂದ ರೋಗಾಣುವನ್ನು ಕೊಲ್ಲುವ ಕೆಲಸ ಅದಕ್ಕೆ ಮೊದಲಿನ ರಾಶಿ ಹಾಕುವ ಹಂತದಲ್ಲೇ ಮುಗಿಯಬೇಕು. ಸತ್ತ, ರೋಗ ಹತ್ತಿದ ಹುಳುಗಳನ್ನು ಹೂಳಬೇಕು ಅಥವಾ ಸುಡಬೇಕು, ಯಾವ ಗೊಬ್ಬರಕ್ಕೂ ಹಾಕಬಾರದು. ರೋಗ ಬಿದ್ದ ಬೆಳೆಯ ಕಸವನ್ನು ಎರೆತೊಟ್ಟಿಗೆ ತರದಿರುವುದೇ ಕ್ಷೇಮ. ಎರಡನೆಯದು ಹಾಸಿಗೆಗೆ ಉದುರಿಸುವ ಸುಣ್ಣ, ಸೋಂಕು ನಿವಾರಕ ಪುಡಿಗಳು. ಅವು ದಪ್ಪವಾಗಿ ಬಿದ್ದ ಕಸವನ್ನು ನೇರವಾಗಿ ತೊಟ್ಟಿಗೆ ಹಾಕಿದರೆ ಎರೆಹುಳು ಗೋಡೆ ಹತ್ತಿ ಓಡಿಹೋಗುತ್ತದೆ ಅಥವಾ ಸಾಯುತ್ತದೆ. ತೊಟ್ಟಿಯೂ ಹುಳು ಮನೆಯಿಂದ ದೂರ ಇರಬೇಕು.

ಚನ್ನಪಟ್ಟಣದ ಕಡೆ ತೆಂಗಿನ ಗರಿ, ಸಿಪ್ಪೆ, ನಾರಿನ ಪುಡಿ ಯಥೇಚ್ಛ, ಬೊಂಬೆ ಕಡೆಯುವ ಕಾರ್ಖಾನೆಗಳ ಮರದ ಹೊಟ್ಟೂ ಸಿಗುತ್ತದೆ. ಇವುಗಳಲ್ಲಿ ಇಂಗಾಲ ತೀರ ಹೆಚ್ಚು, ಸಾರಜನಕ ತೀರ ಕಡಿಮೆ. ಸಗಣಿ ಅಥವಾ ಹಿಕ್ಕೆಯ ಜೊತೆ ಸ್ವಲ್ಪವೇ ಬೆರೆಸಬೇಕು. ಬಣ್ಣ ಹತ್ತಿದ ಹೊಟ್ಟು ಬೇಡ. ತೆಂಗಿನ ತೋಟದಲ್ಲಿ ತೊಟ್ಟಿ ಇಡುವವರು ಮೇಲೆ ಬಲೆ ಮುಚ್ಚಲೇಬೇಕು, ಏಕೆಂದರೆ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ಇಂಥ ಕೊಳೆತ ಗೊಬ್ಬರದಲ್ಲೇ.

ಮಾಡುವ ಕ್ರಮ ಸರಳ. ಕಡ್ಡಿ, ಎಲೆಯನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಸಗಣಿ ನೀರು ಚಿಮುಕಿಸಿ ರಾಶಿ ಹಾಕಿ, ಹದಿನೈದಿಪ್ಪತ್ತು ದಿನ ಬಿಡಬೇಕು, ನಡುವೆ ಒಂದೆರಡು ಸಲ ಮಗುಚಬೇಕು. ರಾಶಿ ಬಿಸಿಯೇರಿ ಆರುತ್ತದೆ. ಒಳಗೆ ಕೈ ಹಾಕಿದರೆ ಬೆಚ್ಚಗೂ ಅನ್ನಿಸದಿದ್ದಾಗ ಅದನ್ನು ನೆರಳಿನ ತೊಟ್ಟಿಗೆ ತುಂಬಿ, ಚದರ ಮೀಟರಿಗೆ ಒಂದು ಕಿಲೋದಷ್ಟು ಹುಳು ಬಿಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸದಾ ಇರಬೇಕು, ಮೇಲೆ ಒದ್ದೆ ಗೋಣಿ ಹೊದಿಸಬೇಕು. ಇರುವೆಗೆ ಸುತ್ತ ನೀರಿನ ಕಾಲುವೆ, ಕೋಳಿ ಇಲಿಗಳಿಗೆ ಬಲೆ. ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮೇಲ್ಪದರ ಕಪ್ಪಗೆ, ಚಹಾ ಪುಡಿಯಂತಾಗುತ್ತದೆ. ಆಗ ನಾಲ್ಕೈದು ದಿನ ನೀರು ನಿಲ್ಲಿಸಿದರೆ ಹುಳು ಕೆಳಕ್ಕಿಳಿಯುತ್ತದೆ. ಮೇಲಿನ ಗೊಬ್ಬರ ಕೆರೆದು ತೆಗೆದು ನೆರಳಿನಲ್ಲಿ ಆರಿಸಬೇಕು, ಬಿಸಿಲಿಗೆ ಹಾಕಬಾರದು. ಹಾಕಿದ ಕಸದ ಅರ್ಧದಷ್ಟು ತೂಕ ಗೊಬ್ಬರವಾಗಿ ಸಿಗುತ್ತದೆ. ಒಟ್ಟಲು ಹಾಕುವುದು ಜೂನ್, ಜುಲೈನಲ್ಲಾದರೆ ರಾಶಿ ಹಾಕುವ ಕೆಲಸ ಮಾರ್ಚ್, ಏಪ್ರಿಲ್‌ನಲ್ಲೇ ಶುರುವಾಗಬೇಕು. ಆ ತಿಂಗಳುಗಳ ಬಿಸಿಲಿಗೆ ಶೀಟು ಹೊದಿಸಿದ ಚಪ್ಪರಕ್ಕಿಂತ ಮಾವಿನ ಮರದಡಿ ಗರಿ ಹೊದಿಸಿದ ಚಪ್ಪರ ಎಷ್ಟೋ ವಾಸಿ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎರೆಗೊಬ್ಬರ ಎಂದು ಮಾರುವ ಮೂಟೆಗಳಲ್ಲಿ ಮಣ್ಣು, ಜರಡಿ ಹಿಡಿದ ತಿಪ್ಪೆ ಪುಡಿ ಬೆರೆತಿರುವುದುಂಟು. ನಿಯಂತ್ರಣ ಆದೇಶದ ಪ್ರಕಾರ ತೇವಾಂಶ ಶೇ 15ರಿಂದ 25ರೊಳಗೆ, ಸಾವಯವ ಇಂಗಾಲ ಕನಿಷ್ಠ ಶೇ 18 ಇರಬೇಕು, ಕೆಟ್ಟ ವಾಸನೆ ಇರಬಾರದು. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಟ್ಟರೆ ಮರಳು ತಳದಲ್ಲಿ ಬೇರೆಯಾಗಿ ಕೂರುತ್ತದೆ. ಆದರೆ ಗೊಬ್ಬರ ಹಣ್ಣಾಗಿದೆಯೇ ಎಂದು ನಿಜವಾಗಿ ಹೇಳುವುದು ಬೀಜವೇ. ಒಂದು ಪಾಲು ಗೊಬ್ಬರವನ್ನು ಹತ್ತು ಪಾಲು ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ, ಒಂದು ತಟ್ಟೆಯ ಬಟ್ಟೆಯನ್ನು ಅದರಲ್ಲಿ, ಇನ್ನೊಂದು ತಟ್ಟೆಯ ಬಟ್ಟೆಯನ್ನು ಬರೀ ನೀರಿನಲ್ಲಿ ಒದ್ದೆ ಮಾಡಿ, ಎರಡರಲ್ಲೂ ಐವತ್ತೈವತ್ತು ರಾಗಿ ಕಾಳು ಹರಡಿ ಮುಚ್ಚಿಡಿ. ನಾಲ್ಕನೇ ದಿನ ಮೊಳಕೆ ಎಣಿಸಿ, ಬೇರಿನ ಉದ್ದ ಅಳೆಯಿರಿ. ಎರಡನ್ನೂ ಗುಣಿಸಿದ ಲೆಕ್ಕದಲ್ಲಿ ಗೊಬ್ಬರದ ತಟ್ಟೆ ನೀರಿನ ತಟ್ಟೆಯ ಶೇ 80ನ್ನೂ ಮುಟ್ಟದಿದ್ದರೆ ಆ ಗೊಬ್ಬರ ಇನ್ನೂ ಹಸಿ. ಮೂಟೆ ಬಿಚ್ಚಿ ನೆರಳಿನಲ್ಲಿ ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ. ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಒಟ್ಟಲಿಗೆ ಯಾವ ಗೊಬ್ಬರವನ್ನೂ ಹಾಕಬಾರದು.

ಎರೆಗೊಬ್ಬರ ಒಂದಿದ್ದರೆ ರಸಗೊಬ್ಬರ ಬೇಡ ಎನ್ನುವವರ ಮಾತನ್ನು ಮಾತ್ರ ಒಪ್ಪಲಾಗದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಖುಷ್ಕಿ ಕೃಷಿ ಯೋಜನೆಯಲ್ಲಿ 1978ರಿಂದ ನಡೆದುಬಂದಿರುವ ರಾಗಿಯ ದೀರ್ಘಾವಧಿ ಪ್ರಯೋಗದಲ್ಲಿ ಹೆಕ್ಟೇರಿಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಸಗೊಬ್ಬರ ಸೇರಿದ ತಾಕುಗಳೇ ಸ್ಥಿರವಾಗಿ ಮುಂದಿವೆ. ಬರೀ ರಸಗೊಬ್ಬರದ ತಾಕುಗಳ ಇಳುವರಿ ವರ್ಷ ಕಳೆದಂತೆ ಕುಸಿದಿದೆ. ಸಾವಯವ ಮತ್ತು ರಾಸಾಯನಿಕದ ಜಗಳದಲ್ಲಿ ಯಾವ ಪಕ್ಷಕ್ಕೂ ಈ ಫಲಿತಾಂಶ ಪೂರ್ತಿ ಒಲಿಯುವುದಿಲ್ಲ. ಒಟ್ಟಲಿನಲ್ಲಿ ಗಟ್ಟಿಯಾಗಿ ಬೇರೂರಿದ ಪೈರಿಗೂ ಹೊಲದಲ್ಲಿ ಹೊಟ್ಟೆಗೆ ಬೇಕು. ಎರೆಜಲದಲ್ಲಿ ಬೀಜ ನೆನೆಸಿದರೆ ಇಳುವರಿ ದುಪ್ಪಟ್ಟು ಎಂಬಂಥ ಮಾತುಗಳನ್ನೂ ನಂಬಬೇಕಾಗಿಲ್ಲ. ರಾಗಿ ಬೀಜವನ್ನು ಬರೀ ನೀರಿನಲ್ಲಿ ಆರು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಒಣಗಿಸಿ ಬಿತ್ತುವ ಬೀಜ ಹದಗೊಳಿಸುವ ಕ್ರಮ ಬಹುಕಾಲದಿಂದ ಶಿಫಾರಸಿನಲ್ಲಿದೆ, ಅದಕ್ಕೆ ಖರ್ಚೂ ಇಲ್ಲ. ವಿದೇಶಿ ಹುಳು ನಮ್ಮ ನೆಲದ ಹುಳುವಿಗೆ ಪೈಪೋಟಿ ಆದೀತೆಂಬ ಆತಂಕ ಇರುವವರಿಗೆ ಈ ನೆಲದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಇದೆ. ಗೊಬ್ಬರ ಮಾಡುವುದರಲ್ಲಿ ಅದೂ ಪಳಗಿದ ಹುಳು.

ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಇದೆ, ಸಂದೇಹ ಇದ್ದವರು ಅಲ್ಲಿ ವಿಚಾರಿಸಬಹುದು. ಅದಕ್ಕಿಂತ ಮೊದಲು ಈ ಮುಂಗಾರಿಗೆ ಒಟ್ಟಲು ಹಾಕುವಾಗ ಮಡಿಯನ್ನು ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಐದರಲ್ಲೊಂದು ಪಾಲು ಎರೆಗೊಬ್ಬರ ಬೆರೆಸಿ, ಇನ್ನೊಂದಕ್ಕೆ ನೀವು ಎಂದಿನಂತೆ ಹಾಕುವುದನ್ನೇ ಹಾಕಿ. ಬೀಜ, ನೀರು, ದಿನ ಒಂದೇ ಇರಲಿ. ಇಪ್ಪತ್ತೊಂದನೇ ದಿನ ಎರಡೂ ಕಡೆಯಿಂದ ಹತ್ತು ಹತ್ತು ಪೈರು ಕಿತ್ತು, ಬೇರು ತೊಳೆದು, ಪಕ್ಕ ಪಕ್ಕ ಇಟ್ಟು ನೋಡಿ. ಮುಂದಿನ ವರ್ಷ ಎಷ್ಟು ಮೂಟೆ ಬೇಕು ಎಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ.